ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮ

ಕೊಪ್ಪಳ ಜಿಲ್ಲೆಯ ಗಂಗಾವತಿಯ ಸಮೀಪ, ಬಂಡೆಗಳ ಬೆಟ್ಟಸಾಲಿನ ನಡುವೆ ಕುಮ್ಮಟದುರ್ಗವೆಂಬ ಹಾಳು ಕೋಟೆಯಿದೆ. ರಜೆಯಲ್ಲಿ ಊರಿಗೆ ಹೋದಾಗ ಹಂಪಿಯನ್ನು ನೋಡಿ ಬರುವ ನಮ್ಮಲ್ಲಿ ಈ ಕೋಟೆಯ ಕಡೆಗೆ ಹೊರಳುವವರು ವಿರಳ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಇದು ಕಂಪಿಲರಾಯನ ನೆಲೆಯಾಗಿತ್ತು. ಅವನ ಮಗನೇ ಗಂಡುಗಲಿ ಕುಮಾರರಾಮ.

ಜನರು ಹಾಡಿಕೊಂಡು ಬಂದ ಕಥೆ ಹೀಗಿದೆ. ಚೆಂಡಾಟದ ವೇಳೆ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬಿದ್ದಿತು. ಅದನ್ನು ತರಲು ಹೋದ ರಾಮನಿಗೆ ಆಕೆ ಮನಸೋತಳು. ತಾಯಿಯ ಸ್ಥಾನದಲ್ಲಿರುವವಳೆಂದು ಅವನು ನಿರಾಕರಿಸಿದಾಗ, ರಾಜನಲ್ಲಿ ಸುಳ್ಳು ದೂರಿತ್ತಳು. ಕುಪಿತನಾದ ತಂದೆ ಮಗನ ಶಿರಚ್ಛೇದಕ್ಕೆ ಆಜ್ಞಾಪಿಸಿದನು. ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟನು. ದೆಹಲಿಯ ಸೈನ್ಯ ಮುತ್ತಿದಾಗ ರಾಜ ಪಶ್ಚಾತ್ತಾಪಪಟ್ಟನು. ಆಗ ಹೊರಬಂದ ರಾಮನು ಕೊನೆಯವರೆಗೂ ಕಾದಾಡಿ ಮಡಿದನು. ಅವನ ತಲೆಯನ್ನು ದೆಹಲಿಗೆ ಒಯ್ದರೆಂಬಲ್ಲಿಗೆ ಕಥೆ ಮುಟ್ಟುತ್ತದೆ. ನಂಜುಂಡ ಮೊದಲಾದ ಕವಿಗಳು ಈ ಚರಿತೆಯನ್ನು ಸಾಂಗತ್ಯದಲ್ಲಿ ಹಾಡಿ, ನಾಯಕನನ್ನು ಪರನಾರೀಸಹೋದರನೆಂದು ಕೊಂಡಾಡಿದರು.

ಇತಿಹಾಸವು ಯುದ್ಧಕ್ಕೆ ಬೇರೊಂದು ಕಾರಣವನ್ನು ಹೇಳುತ್ತದೆ. ಸಗರದ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗುರ್ಷಾಸ್ಪನು ತನ್ನ ಬಂಧುವೇ ಆದ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು, ಕಂಪಿಲರಾಯನ ಮೊರೆಹೊಕ್ಕನು. ರಾಯನು ಅವನನ್ನು ಶತ್ರುವಿಗೆ ಒಪ್ಪಿಸಲಿಲ್ಲ. ಸೋಲು ಖಚಿತವಾದಾಗ ಅತಿಥಿಯನ್ನು ಮತ್ತೊಬ್ಬ ಅರಸನಲ್ಲಿಗೆ ಕಳುಹಿಸಿ, ತಾನು ರಣರಂಗದಲ್ಲಿ ಪ್ರಾಣವಿತ್ತನು. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು. ಇದು 1327ರ ಸುಮಾರಿನ ಘಟನೆ. ಕೆಲವೇ ವರ್ಷಗಳ ಬಳಿಕ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು ಇದನ್ನು ದಾಖಲಿಸಿದ್ದಾನೆ. ಸೆರೆಯಾಗಿ ದೆಹಲಿ ಸೇರಿದ ರಾಯನ ಮಕ್ಕಳಲ್ಲಿ ಕೆಲವರನ್ನು ಅವನು ಬಲ್ಲವನಾಗಿದ್ದನು.

ಒಂದು ಕಥೆ ಮಗನ ಶೀಲವನ್ನು, ಇನ್ನೊಂದು ತಂದೆಯ ಶರಣಾಗತರಕ್ಷಣೆಯನ್ನು ಸಾರುತ್ತದೆ. ರಾಜ್ಯವನ್ನು ಕಳೆದುಕೊಂಡರೂ ನಡತೆಯನ್ನು ಕಳೆದುಕೊಳ್ಳಬಾರದೆಂಬುದೇ ಎರಡರ ತಿರುಳು. ಸೋತ ಅರಸುಮನೆಯೊಂದನ್ನು ನಾಡು ಏಳು ಶತಮಾನ ಮರೆಯದಿರುವುದಕ್ಕೆ ಇದೇ ಕಾರಣವಿರಬೇಕು.

ಮಲೆನಾಡಿನ ಕೆಲವು ಊರುಗಳಲ್ಲಿ ಇಂದಿಗೂ ಕುಮಾರರಾಮನ ಮರದ ತಲೆಯನ್ನು ಪೂಜಿಸುತ್ತಾರೆ. ಸಂಡೂರಿನ ಬೆಟ್ಟವೊಂದು ರಾಮನಮಲೆ ಎಂಬ ಹೆಸರನ್ನು ಹೊತ್ತಿದೆ. ದೆಹಲಿಗೆ ಹೋಯಿತೆನ್ನುವ ಆ ತಲೆಯನ್ನು ಜನರು ಹೀಗೆ ತಮ್ಮ ಊರಿಗೇ ಮರಳಿ ತಂದುಕೊಂಡಿದ್ದಾರೆ. ಮುಂದಿನ ಬಾರಿ ಹಂಪಿಗೆ ಹೋದಾಗ ಮಕ್ಕಳೊಂದಿಗೆ ಕುಮ್ಮಟದುರ್ಗವನ್ನೂ ಕಂಡು, ಈ ಕಥೆಯನ್ನು ಅಲ್ಲಿಯೇ ಅವರಿಗೆ ಹೇಳೋಣ.