ಕರ್ಣಾಟ ಕುಲದ ನಾನ್ಯದೇವ: ಸಾಮಂತಪದವಿಯಿಂದ ಮಿಥಿಲೆಯ ಸಿಂಹಾಸನದವರೆಗೆ

ಕನ್ನಡನಾಡಿನ ಮೂಲವನ್ನು ಹೇಳಿಕೊಂಡು ಉತ್ತರ ಭಾರತದಲ್ಲಿ ಅರಸುತನವನ್ನು ಸ್ಥಾಪಿಸಿದವರಲ್ಲಿ ಮಿಥಿಲೆಯ ನಾನ್ಯದೇವನ ಹೆಸರು ಪ್ರಮುಖವಾದುದು. ಕರ್ನಾಟಕದ ಇತಿಹಾಸ ಗ್ರಂಥಗಳಲ್ಲಿ ಈತನ ಪ್ರಸ್ತಾಪ ಸಾಮಾನ್ಯವಾಗಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡಯಾತ್ರೆಗಳ ಅಡಿಯಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಪರನಾಡಿನಲ್ಲಿ ನೆಲೆನಿಂತ ಒಬ್ಬ ಸಾಮಂತನು ತನ್ನದಲ್ಲದ ಸಿಂಹಾಸನದ ಮೇಲೆ ಹಕ್ಕನ್ನು ಸಾಧಿಸಿದುದು ಹೇಗೆ, ಆ ಹಕ್ಕಿನ ಸಮರ್ಥನೆಗೆ ತನ್ನ ಮೂಲದ ನಾಡಿನ ಹೆಸರನ್ನು ಬಳಸಿಕೊಂಡುದು ಹೇಗೆ ಎಂಬ ದೃಷ್ಟಿಯಿಂದ ಆತನ ಜೀವನವು ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿದೆ.

ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದ ಚಾಲುಕ್ಯರ ಸೈನ್ಯಗಳು ಉತ್ತರಕ್ಕೆ ಹಲವು ಬಾರಿ ಸಾಗಿದವು. ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ (1042–1068) ಯುವರಾಜನಾಗಿದ್ದ ವಿಕ್ರಮಾದಿತ್ಯನು ಗೌಡ ಮತ್ತು ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಬಿಲ್ಹಣನ ವಿಕ್ರಮಾಂಕದೇವಚರಿತವು ವರ್ಣಿಸುತ್ತದೆ. ಇಂತಹ ಯಾತ್ರೆಗಳಲ್ಲಿ ಹೋದ ಕರ್ಣಾಟ ಯೋಧರ ಕೆಲವು ಮನೆತನಗಳು ಅಲ್ಲಿಯೇ ಉಳಿದವೆಂಬುದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ಪಾಲ ಅರಸರ ತಾಮ್ರಶಾಸನಗಳು ಸೇವಕವರ್ಗದವರನ್ನು ಹೆಸರಿಸುವಾಗ ಗೌಡ, ಮಾಳವ, ಖಸ, ಹೂಣರ ಜೊತೆಗೆ ಕರ್ಣಾಟರನ್ನೂ ಸೇರಿಸುವುದರಿಂದ, ಪಾಲರ ಸೈನ್ಯದಲ್ಲಿ ದುಡಿಯುತ್ತಿದ್ದ ಕನ್ನಡಿಗ ಅಧಿಕಾರಿಗಳೇ ಮುಂದೆ ಪ್ರಬಲರಾದರೆಂಬ ವಾದವೂ ಇದೆ. ಇವೆರಡೂ ಪರಸ್ಪರ ವಿರುದ್ಧವಾದ ವಾದಗಳಲ್ಲ. ಯಾತ್ರೆಯಲ್ಲಿ ಬಂದವನು ಸೇವೆಯಲ್ಲಿ ನಿಲ್ಲುವುದು ಆ ಕಾಲದ ಸಹಜ ಕ್ರಮವಾಗಿತ್ತು.

ನಾನ್ಯದೇವನು ತಲೆಯೆತ್ತಿದ ಕಾಲದಲ್ಲಿ ವರೇಂದ್ರದ ಕೈವರ್ತ ದಂಗೆಯಿಂದ ಪಾಲರ ಅಧಿಕಾರ ಕುಸಿದಿತ್ತು. ಪಶ್ಚಿಮದಲ್ಲಿ ಗಾಹಡವಾಲ ಚಂದ್ರದೇವನು ವಾರಾಣಸಿ ಮತ್ತು ಕನೌಜುಗಳಲ್ಲಿ ಹೊಸ ರಾಜ್ಯವನ್ನು ಕಟ್ಟುತ್ತಿದ್ದನು. ಇವೆರಡರ ನಡುವೆ, ಗಂಗೆಯ ಉತ್ತರಕ್ಕೆ, ಗಂಡಕಿ ಮತ್ತು ಕೋಸಿ ನದಿಗಳ ಮಧ್ಯದಲ್ಲಿ ಹರಡಿದ್ದ ಮಿಥಿಲೆಯು ಪ್ರಬಲ ಒಡೆಯನಿಲ್ಲದ ನಾಡಾಗಿತ್ತು. ಪರಂಪರೆಯಲ್ಲಿ ಉಳಿದುಬಂದ ಕಾಲನಿರ್ದೇಶದ ಪ್ರಕಾರ ಶಕವರ್ಷ 1019, ಅಂದರೆ ಕ್ರಿ.ಶ. 1097ರಲ್ಲಿ ನಾನ್ಯದೇವನು ಅಲ್ಲಿ ರಾಜ್ಯವನ್ನು ಸ್ಥಾಪಿಸಿದನು. ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿರುವ ಸಿಮ್ರೌನಗಢವು ಈ ವಂಶದ ರಾಜಧಾನಿಯಾಯಿತು. ಬಿಹಾರದ ಮಧುಬನಿ ಜಿಲ್ಲೆಯ ಅಂಧ್ರಾಠಾಢಿಯಲ್ಲಿ ದೊರೆತ, ಆತನ ಮಂತ್ರಿ ಶ್ರೀಧರನ ಶಾಸನವು ಈ ಆಳ್ವಿಕೆಗೆ ಸಮಕಾಲೀನ ಸಾಕ್ಷ್ಯವಾಗಿದೆ.

ನಾನ್ಯದೇವನ ಅಧಿಕಾರದ ಸ್ವರೂಪವನ್ನು ತಿಳಿಯಲು ನೆರವಾಗುವ ಮುಖ್ಯ ಆಕರವೆಂದರೆ ಆತನೇ ರಚಿಸಿದ ಗ್ರಂಥ. ಭರತನ ನಾಟ್ಯಶಾಸ್ತ್ರವನ್ನು ಅನುಸರಿಸಿ, ವಿಶೇಷವಾಗಿ ಸಂಗೀತವನ್ನು ವಿವೇಚಿಸುವ ಈ ಸಂಸ್ಕೃತ ಕೃತಿಯು ಭರತಭಾಷ್ಯ ಅಥವಾ ಸರಸ್ವತೀಹೃದಯಾಲಂಕಾರ ಎಂದು ಪ್ರಸಿದ್ಧವಾಗಿದೆ. ಇದರ ಹಸ್ತಪ್ರತಿಯು ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿದೆ. ಅದರ ಸಮಾಪ್ತಿವಾಕ್ಯಗಳಲ್ಲಿ ಗ್ರಂಥಕರ್ತನು ಮಹಾಸಾಮಂತಾಧಿಪತಿಯೂ ಹೌದು, ಮಿಥಿಲೆಯ ಒಡೆಯನೂ ಹೌದು, ಕರ್ಣಾಟ ಕುಲಕ್ಕೆ ಭೂಷಣನೂ ಹೌದು. ಈ ಮೂರು ಬಿರುದುಗಳಲ್ಲಿ ಆತನ ಬದುಕಿನ ಮೂರು ನೆಲೆಗಳು ಅಡಗಿವೆ. ಸಾಮಂತಾಧಿಪತಿ ಎಂಬುದು ಆತ ಏರಿಬಂದ ಮೆಟ್ಟಿಲನ್ನು, ಮಿಥಿಲೆಯ ಒಡೆತನವು ಆತ ಗಳಿಸಿದ ನೆಲವನ್ನು, ಕರ್ಣಾಟ ಕುಲವು ಆ ಗಳಿಕೆಗೆ ಆತ ಕೊಟ್ಟ ಆಧಾರವನ್ನು ಸೂಚಿಸುತ್ತವೆ. ಸ್ವತಂತ್ರನಾದ ಮೇಲೂ ಸಾಮಂತಸೂಚಕ ಬಿರುದನ್ನು ಬಿಡದಿರುವುದು ಗಮನಾರ್ಹ ಸಂಗತಿ. ಅಧೀನತೆಯಿಂದ ಸ್ವಾತಂತ್ರ್ಯಕ್ಕೆ ಸಾಗುವುದು ಒಂದೇ ದಿನದ ಪಟ್ಟಾಭಿಷೇಕದಿಂದ ಮುಗಿಯುವ ಘಟನೆಯಲ್ಲವೆಂಬುದನ್ನು ಇದು ತೋರಿಸುತ್ತದೆ.

ನಾನ್ಯದೇವನ ಹಕ್ಕು ನಿರ್ವಿವಾದವಾಗಿರಲಿಲ್ಲ. ಆತನ ಗ್ರಂಥವು ವಂಗ ಮತ್ತು ಗೌಡರ ಮೇಲಿನ ಜಯವನ್ನು ಹೇಳಿಕೊಂಡರೆ, ಬಂಗಾಳದ ವಿಜಯಸೇನನ ದೇವಪಾರಾ ಶಾಸನವು ನಾನ್ಯನನ್ನು ಸೋತ ಅರಸರ ಸಾಲಿನಲ್ಲಿ ಸೇರಿಸುತ್ತದೆ. ಇಲ್ಲಿನ ವಿಪರ್ಯಾಸವೆಂದರೆ ಸೇನರೂ ದಕ್ಷಿಣದಿಂದ ಬಂದ ಕರ್ಣಾಟ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಂಡವರೇ. ಒಂದೇ ಮೂಲವನ್ನು ಹೇಳಿಕೊಂಡ ಎರಡು ಮನೆತನಗಳು ಪೂರ್ವಭಾರತದ ಒಡೆತನಕ್ಕಾಗಿ ಪರಸ್ಪರ ಕಾದಾಡಿದವು. ಸಮಾನ ಮೂಲದ ನೆನಪು ರಾಜಕೀಯ ಬಾಂಧವ್ಯವಾಗಿ ಪರಿಣಮಿಸಲಿಲ್ಲ. ನೇಪಾಳದ ವಂಶಾವಳಿಗಳು ನಾನ್ಯದೇವನು ಆ ಕಣಿವೆಯನ್ನೂ ಗೆದ್ದನೆಂದು ಹೇಳುತ್ತವೆಯಾದರೂ, ಸಮಕಾಲೀನ ನೇಪಾಳಿ ದಾಖಲೆಗಳಲ್ಲಿ ಬೇರೆ ಅರಸರ ಹೆಸರುಗಳಿರುವುದರಿಂದ ಆ ಹೇಳಿಕೆಯನ್ನು ವಿದ್ವಾಂಸರು ಒಪ್ಪುವುದಿಲ್ಲ.

ಮಿಥಿಲೆಯ ಪರಂಪರೆಯು ನಾನ್ಯದೇವನಿಗೆ ಸುಮಾರು ಐವತ್ತು ವರ್ಷಗಳ ಆಳ್ವಿಕೆಯನ್ನು ಕೊಡುತ್ತದೆ. ಆತನ ಬಳಿಕ ಮಗ ಗಂಗದೇವನು ಪಟ್ಟಕ್ಕೆ ಬಂದನು. ಇನ್ನೊಬ್ಬ ಮಗ ಮಲ್ಲದೇವನ ಕಥೆಯು ವಿದ್ಯಾಪತಿಯ ಪುರುಷಪರೀಕ್ಷೆಯಲ್ಲಿ ಉಳಿದಿದೆ. ವಂಶದ ಕೊನೆಯ ಪ್ರಬಲ ಅರಸ ಹರಿಸಿಂಹದೇವನ ಕಾಲದಲ್ಲಿ ಜ್ಯೋತಿರೀಶ್ವರನ ವರ್ಣರತ್ನಾಕರವು ಮೈಥಿಲೀ ಗದ್ಯಕ್ಕೆ ಅಡಿಪಾಯ ಹಾಕಿತು. ಘಿಯಾಸುದ್ದೀನ್ ತುಘಲಕನ ದಾಳಿಯಿಂದಾಗಿ 1324ರ ಸುಮಾರಿಗೆ ಸಿಮ್ರೌನಗಢವು ಪತನವಾಗಿ, ಹರಿಸಿಂಹದೇವನು ನೇಪಾಳದ ಬೆಟ್ಟಗಳ ಕಡೆಗೆ ಹೋದನು. ಮುಂದೆ ನೇಪಾಳದ ಮಲ್ಲ ಅರಸರು ಈ ವಂಶವನ್ನೇ ತಮ್ಮ ಪೂರ್ವಜರ ವಂಶವೆಂದು ಹೇಳಿಕೊಂಡರು. ಹೀಗೆ ಕರ್ಣಾಟ ಎಂಬ ಹೆಸರು ಎರಡನೆಯ ಬಾರಿ ಪರನಾಡಿನ ಸಿಂಹಾಸನಕ್ಕೆ ಆಧಾರವಾಯಿತು.

ನಾನ್ಯದೇವನ ಆಳ್ವಿಕೆಗೆ ಆಧಾರವಾದ ಆಕರಗಳ ಭಾಷೆ ಸಂಸ್ಕೃತ. ಆತನ ಮನೆತನ ಪೋಷಿಸಿದ ದೇಶಭಾಷೆ ಮೈಥಿಲೀ. ಆದುದರಿಂದ ಇಲ್ಲಿ ಕರ್ಣಾಟ ಎಂಬುದು ಭಾಷೆಯ ಗುರುತಾಗಿರದೆ ಕುಲದ ಗುರುತಾಗಿದೆ. ಈ ಮಾತನ್ನು ತುಳುನಾಡಿನ ಒಂದು ನಿದರ್ಶನದೊಡನೆ ಹೋಲಿಸಬಹುದು. ನಾನ್ಯದೇವನ ರಾಜ್ಯಸ್ಥಾಪನೆಗೆ ಇಪ್ಪತ್ತು ವರ್ಷಗಳ ಹಿಂದೆ, 1077ರ ಹೊಂಬುಜದ ಶಾಸನಗಳು ಸಾಂತರರ ಮೂಲವನ್ನು ಉತ್ತರ ಮಧುರೆಯ ಜಿನದತ್ತನಲ್ಲಿ ಗುರುತಿಸಿದವು. 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನ ಕಾರ್ಕಳದ ಭೈರರಸ ಮನೆತನವೂ ಅದೇ ಜಿನದತ್ತನ ಸಂತತಿಯೆಂದು ಹೇಳಿಕೊಂಡಿತು. ದಕ್ಷಿಣದ ಅರಸನು ಉತ್ತರದ ಮೂಲವನ್ನು, ಉತ್ತರದ ಅರಸನು ದಕ್ಷಿಣದ ಮೂಲವನ್ನು ನೆನೆಯುತ್ತಿದ್ದ ಕಾಲವದು. ದೂರದ ನಾಡಿನ ಹೆಸರು ಹತ್ತಿರದ ನೆಲದ ಹಕ್ಕಿಗೆ ಬಲ ಕೊಡುತ್ತಿತ್ತು.

ನಾನ್ಯದೇವನು ದಕ್ಷಿಣಕ್ಕೆ ಮರಳಿದುದು ಗ್ರಂಥದ ಮೂಲಕ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಪೂರ್ವಾಚಾರ್ಯರನ್ನು ಹೆಸರಿಸುವಾಗ ಭೋಜ, ಸೋಮೇಶ್ವರರ ಜೊತೆಗೆ ನಾನ್ಯಭೂಪಾಲನನ್ನೂ ನೆನೆದನು. ಮಿಥಿಲೆಯಲ್ಲಿ ಆತ ಕಟ್ಟಿದ ರಾಜ್ಯವು ಎರಡು ಶತಮಾನಗಳಲ್ಲಿ ಅಳಿಯಿತು. ಸಂಗೀತಶಾಸ್ತ್ರದಲ್ಲಿ ಪಡೆದ ಸ್ಥಾನಕ್ಕೆ ಮಾತ್ರ ಯಾವ ಪ್ರತಿಸ್ಪರ್ಧಿಯೂ ಎದುರಾಗಲಿಲ್ಲ.