ಎದೆಗೆ ಅಂಟಿದ ಹೋಲ್ಟರ್ ಮತ್ತು ಅದರ ಹಿಂದಿನ ಮನುಷ್ಯ

ಅಬ್ಲೇಶನ್ ಆಗಿ ಮೂರು ತಿಂಗಳಾಯ್ತು. ತಾಳ ತಪ್ಪಿದ್ದ ಎದೆಬಡಿತ ಸರಿಹೋಯ್ತಾ ಅಂತ ನೋಡಲು ಡಾಕ್ಟರು ಇವತ್ತು 24 ಗಂಟೆಗೆ ಹೋಲ್ಟರ್ ಕಟ್ಟಿ ಕಳಿಸಿದ್ದಾರೆ. ಸ್ನಾನ ಮಾಡೋ ಹಾಗಿಲ್ಲ, ನಿದ್ದೆಯೂ ಹತ್ತುತ್ತಿಲ್ಲ. ಈ ಪೆಟ್ಟಿಗೆಗೆ ಹೆಸರು ಕೊಟ್ಟ ಮನುಷ್ಯನ ಕತೆ ಓದುತ್ತಾ ಕೂತಿದ್ದೇನೆ.

ನಾರ್ಮನ್ ಜೆಫರಿಸ್ ಹೋಲ್ಟರ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾದಲ್ಲಿ. ಆತ ಡಾಕ್ಟರಲ್ಲ, ಭೌತವಿಜ್ಞಾನಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗಾಗಿ ಸಮುದ್ರದ ಅಲೆಗಳನ್ನು ಅಧ್ಯಯನ ಮಾಡಿದ. 1946ರಲ್ಲಿ ಬಿಕಿನಿ ಹವಳದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ಎದ್ದ ಅಲೆಗಳನ್ನು ಅಳೆದ. ಊರಿಗೆ ಮರಳಿದ ಮೇಲೆ ಅಳೆಯಲು ಹೊರಟಿದ್ದು ಎದೆಯೊಳಗಿನ ಅಲೆಗಳನ್ನು.

ಮಾಮೂಲಿ ಇಸಿಜಿ ಹಿಡಿಯೋದು ಮಲಗಿದವರ ಕೆಲವೇ ಕ್ಷಣಗಳ ಬಡಿತವನ್ನು. ಮನುಷ್ಯ ಬದುಕೋದು ಮಂಚದ ಮೇಲಲ್ಲವಲ್ಲ! ಹೋಲ್ಟರ್ ಸುಮಾರು 38 ಕಿಲೋ ತೂಕದ ರೇಡಿಯೋ ಯಂತ್ರವನ್ನು ಬೆನ್ನಿಗೇರಿಸಿಕೊಂಡು, ನಿಂತಲ್ಲೇ ನಿಲ್ಲುವ ಸೈಕಲ್ ತುಳಿದ. ಟ್ರಾನ್ಸಿಸ್ಟರ್ ಬಂದ ಮೇಲೆ ಯಂತ್ರ ಕುಗ್ಗುತ್ತಾ ಹೋಯಿತು. 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಿಧಾನ ಪ್ರಕಟವಾಯಿತು. 1983ರಲ್ಲಿ ಆತ ತೀರಿಕೊಂಡ.

ನನ್ನ ಹೋಲ್ಟರ್ ಅಂಗೈಯಷ್ಟಿದೆ. ನಾಳೆ ಬಿಚ್ಚಿ ಕೊಡಬೇಕು. ನನಗೇ ಗೊತ್ತಾಗದೆ ತಪ್ಪಿದ ಬಡಿತವೂ ಅದರಲ್ಲಿ ದಾಖಲಾಗಿರುತ್ತೆ. ನನಗೆ ಭಯ ಇರೋದೂ ಅದಕ್ಕೇ, ಧೈರ್ಯ ಇರೋದೂ ಅದಕ್ಕೇ.