ಉಮಾಬಾಯಿ ಕುಂದಾಪುರ: ಮನೆಯೋ, ದೇಶವೋ?



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಮಕ್ಕಳು ಊರು ಬಿಟ್ಟು ಹೊರಡುವುದು ಹೊಸತಲ್ಲ. ಮುಂಬೈಗೋ ಗಲ್ಫಿಗೋ ಹೊರಟವರನ್ನು ನಾವು ಹರಸಿ ಕಳಿಸುತ್ತೇವೆ, ಏಕೆಂದರೆ ಆ ದುಡಿಮೆ ಮನೆಗೆ ಬರುತ್ತದೆ. ಆದರೆ ಬಿಡಿಗಾಸೂ ತಾರದ, ಜೈಲಿಗೆ ಒಯ್ಯಬಹುದಾದ ದಾರಿಯನ್ನು ಮನೆಯವರೊಬ್ಬರು ಹಿಡಿದರೆ? ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟ ಕಥೆ ನಿಮಗೆ ಗೊತ್ತು. ಅವರು ಆಗ ಮದುವೆಯಾಗದ ಹುಡುಗ. ಇನ್ನೊಂದು ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಗಳೊಬ್ಬರು ಅದೇ ದಾರಿ ಹಿಡಿದ ಕಥೆ ನಮ್ಮಲ್ಲಿ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ನಮ್ಮೂರಿನ ಹೆಸರನ್ನೇ ಮನೆತನದ ಹೆಸರಾಗಿ ಕೊನೆಯವರೆಗೂ ಉಳಿಸಿಕೊಂಡ ಉಮಾಬಾಯಿ ಕುಂದಾಪುರ ಅವರು.

1892ರಲ್ಲಿ ಹುಟ್ಟಿದ ಅವರ ತವರಿನ ಹೆಸರು ಭವಾನಿ ಗೋಳಿಕೇರಿ. ಚಿಕ್ಕ ವಯಸ್ಸಿನಲ್ಲೇ ಸಂಜೀವರಾವ್ ಕುಂದಾಪುರ ಅವರ ಕೈಹಿಡಿದು ಮುಂಬೈ ಸೇರಿದರು. ಮಾವ ಆನಂದರಾವ್ ಅವರು ಹೆಣ್ಣುಮಕ್ಕಳ ವಿದ್ಯೆಗಾಗಿ ಹಂಬಲಿಸುತ್ತಿದ್ದ ಸುಧಾರಕರು. ಮದುವೆಯ ಬಳಿಕವೂ ಓದು ಮುಂದುವರಿದು ಸೊಸೆ ಮೆಟ್ರಿಕ್ ಮುಗಿಸಿದರು. ಮಾವನವರ ಜೊತೆ ಇತರ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸಕ್ಕೂ ಇಳಿದರು.

ಇಷ್ಟರಲ್ಲಿ ಪತಿ ತೀರಿಕೊಂಡರು. ಆ ಕಾಲದಲ್ಲಿ ಎಳೆಯ ವಿಧವೆಯ ಪಾಡು ಏನೆಂದು ನಾನು ವಿವರಿಸಬೇಕಾಗಿಲ್ಲ. ಅನೇಕ ಮನೆಗಳಲ್ಲಿ ಅವಳಿಗೆ ಒಳಕೋಣೆಯೇ ಲೋಕ. ಇಲ್ಲಿ ನಡೆದದ್ದು ಬೇರೆ. ಆನಂದರಾಯರು ಸೊಸೆಯೊಡನೆ ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ತೆರೆದರು, ಹುಡುಗಿಯರಿಗಾಗಿ ತಿಲಕ ಕನ್ಯಾಶಾಲೆ ಆರಂಭಿಸಿದರು. ಶಾಲೆಯ ಹೊಣೆ ಉಮಾಬಾಯಿಯವರದಾಯಿತು. ಪವಿತ್ರ ಗ್ರಂಥದಲ್ಲಿ ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದ ರೂತಳನ್ನು ನೀವು ಬಲ್ಲಿರಿ. ಇಲ್ಲಿ ಸೊಸೆಯ ಕೈಬಿಡದ ಮಾವ.

ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದಾಗ ಅದರ ಮಹಿಳಾ ವಿಭಾಗದ ಮುಂದಾಳತ್ವ ಉಮಾಬಾಯಿಯವರಿಗೆ ಬಂತು. ಮರುವರ್ಷ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಊರೂರು ತಿರುಗಿ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಒಂದೊಂದು ಮನೆಯ ಜಗಲಿಯಲ್ಲಿ ಕುಳಿತು ಅಲ್ಲಿನ ಹಿರಿಯರನ್ನು ಒಪ್ಪಿಸುವುದು ಎಷ್ಟು ಕಷ್ಟವಾಗಿತ್ತೋ! ಭಾಷಣ ಮಾಡುವುದಕ್ಕಿಂತ ಅದೇ ದೊಡ್ಡ ಕೆಲಸವೆಂದು ನನಗನಿಸುತ್ತದೆ.

ಮನೆಯೂ ದೇಶವೂ ಒಂದೇ ಕಡೆಗೆ ನಿಂತಿದ್ದವಲ್ಲ, ಇವರಿಗೆ ಆಯ್ಕೆಯ ಸಂಕಟವೇ ಬರಲಿಲ್ಲ ಎಂದು ನೀವು ಹೇಳಬಹುದು. ಬಂತು, ತಡವಾಗಿ ಬಂತು. 1932ರಲ್ಲಿ ಸರಕಾರ ಅವರನ್ನು ಬಂಧಿಸಿ ನಾಲ್ಕು ತಿಂಗಳು ಪುಣೆಯ ಯೆರವಡಾ ಜೈಲಿನಲ್ಲಿಟ್ಟಿತು. ಅವರು ಅಲ್ಲಿದ್ದಾಗಲೇ ಇತ್ತ ಆನಂದರಾಯರು ಕಣ್ಣುಮುಚ್ಚಿದರು. ತನ್ನನ್ನು ಓದಿಸಿದ, ಹೊರಲೋಕಕ್ಕೆ ಕಳಿಸಿಕೊಟ್ಟ ಹಿರಿಯರ ಕೊನೆಗಾಲದಲ್ಲಿ ಒಂದು ಗುಟುಕು ನೀರು ಕೊಡಲು ಸೊಸೆ ಹತ್ತಿರವಿರಲಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ದೂರದಲ್ಲಿರುವ ಯಾರಿಗೂ ಈ ನೋವು ಅರ್ಥವಾಗದೆ ಇರದು. ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು ನಮ್ಮಂಥ ಗುರುಗಳ ಕೆಲಸದ ಒಂದು ಭಾಗ. ಬರಲಾಗದವರ ಹೆಸರನ್ನು ಕೊನೆಯ ಉಸಿರಿನಲ್ಲಿ ಕರೆಯುವವರನ್ನು ನಾನೂ ಕಂಡಿದ್ದೇನೆ.

ಬಿಡುಗಡೆಯಾಗಿ ಬಂದಾಗ ಕಾದಿದ್ದದ್ದು ಬರಿಗೈ. ಪ್ರೆಸ್ಸು ಸರಕಾರದ ವಶವಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಅವರ ಭಗಿನಿ ಮಂಡಲವನ್ನು ಕಾನೂನುಬಾಹಿರವೆಂದು ಸಾರಲಾಗಿತ್ತು. ಮಾವನವರು ಕಟ್ಟಿದ್ದೆಲ್ಲ ಹೋಯಿತು. ಆದರೂ ಜೈಲಿನಿಂದ ಹೊರಬಂದು ಎಲ್ಲಿಗೆ ಹೋಗಬೇಕೆಂದು ತೋಚದ ಸತ್ಯಾಗ್ರಹಿಗಳಿಗೆ ಅವರ ಪುಟ್ಟ ಮನೆಯಲ್ಲಿ ಊಟವಿತ್ತು, ಮಲಗಲು ಜಾಗವಿತ್ತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅಲ್ಲಿಗೂ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1942ರ ಚಳವಳಿಯಲ್ಲಿ ಭೂಗತರಾದವರಿಗೆ ಮತ್ತೆ ಆ ಮನೆಯೇ ಆಸರೆ.

1946ರಲ್ಲಿ ಗಾಂಧೀಜಿ ಅವರನ್ನು ಕಸ್ತೂರ್‌ಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಗೆ ಪ್ರತಿನಿಧಿಯಾಗಿ ನೇಮಿಸಿದರು. ಹಳ್ಳಿಯ ಹೆಂಗಸರ ಸೇವೆಗೆ ಗ್ರಾಮಸೇವಿಕೆಯರನ್ನು ತಯಾರುಮಾಡಬೇಕಿತ್ತು, ಹಣ ಸಾಲದು. ಜೋಳಿಗೆ ಹಿಡಿದು ಮನೆಮನೆಗೆ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಸ್ಥಾನಮಾನ, ಸರಕಾರದ ಪಿಂಚಣಿ ಯಾವುದನ್ನೂ ಅವರು ಸ್ವೀಕರಿಸಲಿಲ್ಲ. ಹುಬ್ಬಳ್ಳಿಯಲ್ಲೇ ಸರಳವಾಗಿ ಬದುಕಿ 1992ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡರು. ಮಾವನವರು ಹೋಗಿ ಆಗ ಅರವತ್ತು ವರ್ಷಗಳಾಗಿದ್ದವು.